ಎಲ್ಲರೂ ನೆಟ್ ಆಫ್ ಮಾಡಿದ ದಿನ

ಡಾಕ್ಟರಮ್ಮನ ಮುಖ ಅರ್ಧ ಬಾಯಿ ತೆರೆದುಕೊಂಡು ಫೋನಿನ ಪರದೆಯ ಮೇಲೆ ನಿಂತುಬಿಟ್ಟಿತು. ಅವರ ಮೂಗಿನ ಮೇಲೆ ಒಂದು ಪುಟ್ಟ ಚಕ್ರ ಹುಟ್ಟಿಕೊಂಡು ತಿರುಗತೊಡಗಿತು.

ದಂತಣ್ಣ ಎಡಗೈಯಲ್ಲಿ ಮೇಣದ ಒಸಡನ್ನೂ ಬಲಗೈಯ ಚಿಮಟದಲ್ಲಿ ಒಂದು ಮುಂದಿನ ಹಲ್ಲನ್ನೂ ಹಿಡಿದುಕೊಂಡಿದ್ದ. ಏನು ಮಾಡುವುದೆಂದು ತೋಚದೆ, ಉರು ಹೊಡೆದಿಟ್ಟಿದ್ದ ವಿವರಣೆಯನ್ನು ಮಾಸ್ಕಿನ ಒಳಗಿಂದಲೇ ಮುಂದುವರಿಸಿದ.

“ಈಗ ಮೇಣ ಮೆತ್ತಗಾಗಿದೆ ಮೇಡಂ. ಈಗ ಹಲ್ಲನ್ನ ಸಾಲಿಗೆ ತರ್ತೀನಿ. ಕಾಣ್ತಿದೆಯಾ ಮೇಡಂ?”

“ಹೂಂ,” ಎಂದಿತು ಫೋನು, ಬಾವಿಯ ತಳದಿಂದ ಮಾತಾಡಿದ ಹಾಗೆ. ಪರದೆಯ ಮೇಲಿನ ಬಾಯಿ ಮಾತ್ರ ಅಲ್ಲಾಡಲಿಲ್ಲ. ಅವನು ಹಲ್ಲು ಕೂರಿಸಿದ, ಮೇಣ ನುಣುಪು ಮಾಡಿದ, ಮತ್ತೊಂದು ಹಲ್ಲು ಎತ್ತಿಕೊಂಡ, ಅದನ್ನೂ ಕೂರಿಸಿದ. ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಅದಕ್ಕೂ ಸುಸ್ತಾದಂತೆ ಕರೆ ಕಡಿದುಹೋಯಿತು.

ದಂತಣ್ಣ ಎನ್ನುವುದು ಕಟ್ಟಡದವರು ಇಟ್ಟ ಹೆಸರು. ಎರಡನೇ ಮಹಡಿಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವನು ಹಲ್ಲಿನ ಸೆಟ್ ಮಾಡುತ್ತಿದ್ದ. ಸುತ್ತಲಿನ ಸಣ್ಣ ಕ್ಲಿನಿಕ್ಕುಗಳು ಬಾಯಿಯ ಅಚ್ಚು ಕಳಿಸುತ್ತಿದ್ದವು, ಇವನು ಹಲ್ಲು ಕಳಿಸುತ್ತಿದ್ದ. ಈಚೆಗೆ ಕ್ಲಿನಿಕ್ಕುಗಳು ಹಲ್ಲುಗಳನ್ನು ಯಂತ್ರಕ್ಕೆ ಕೊಟ್ಟು ಮಾಡಿಸಿಕೊಳ್ಳತೊಡಗಿದ್ದವು. ಕೋಣೆಯ ಕಪಾಟಿನಲ್ಲಿ ಅಚ್ಚುಗಳು ಕಡಿಮೆಯಾಗುತ್ತ ಬಂದು, ಈಗ ಮೂರು ನಾಲ್ಕು ಬಾಯಿಗಳು ಮಾತ್ರ ಯಾರಿಗೋ ಕಾಯುವಂತೆ ತೆರೆದುಕೊಂಡು ಕೂತಿದ್ದವು.

ಅಂಥ ಹೊತ್ತಿನಲ್ಲಿ ಬೇರೆ ಊರಿನ ದೊಡ್ಡ ದಂತ ಆಸ್ಪತ್ರೆಯಿಂದ ಕರೆ ಬಂದಿತ್ತು. ಕೈಯಿಂದ ಹಲ್ಲು ಮಾಡುವ ಒಬ್ಬ ಮನುಷ್ಯ ಬೇಕು, ತಿಂಗಳ ಸಂಬಳದ ಕೆಲಸ, ಇರಲು ಮನೆ. ಬಂದು ಹೋಗುವ ತೊಂದರೆ ಬೇಡ, ನಿಮ್ಮ ಮೇಜಿನ ಮುಂದೆಯೇ ಕೂತು ವಿಡಿಯೊ ಕರೆಯಲ್ಲಿ ಕೆಲಸ ಮಾಡಿ ತೋರಿಸಿ, ನಮಗೆ ಕೈ ನೋಡಬೇಕು ಎಂದಿದ್ದರು. ಈ ಕೆಲಸ ಸಿಗದಿದ್ದರೆ ದಂತಣ್ಣ ಸೋಮವಾರದಿಂದ ಹೆಂಡತಿಯ ತಮ್ಮನ ಅಂಗಡಿಯಲ್ಲಿ ಕೂರಬೇಕಿತ್ತು. ಅದು ಕಮೋಡು, ಬೇಸಿನ್ನು, ನಲ್ಲಿ ಮಾರುವ ಅಂಗಡಿ. ಮನುಷ್ಯನ ಊಟ ಶುರುವಾಗುವ ಕಡೆಯಿಂದ ಅದು ಮುಗಿಯುವ ಕಡೆಗೆ ವರ್ಗವಾಗುವುದನ್ನು ನೆನೆದರೆ ದಂತಣ್ಣನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

“ಏನ್ರೀ, ಹೇಗಾಯ್ತು?” ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಕರೆ ಮುಗಿಯುವ ತನಕ ಪಾತ್ರೆ ಸದ್ದಾಗಬಾರದೆಂದು ಅವಳು ಅಲ್ಲಿ ಸುಮ್ಮನೆ ನಿಂತಿದ್ದಳು.

“ಏನಾಗೋದು? ನಿಂತೋಯ್ತು.”

“ಅವರು ಏನೂ ನೋಡಲಿಲ್ವಾ?”

“ಚಕ್ರ ನೋಡಿರ್ತಾರೆ.”

“ಇನ್ನೊಂದು ಸಲ ಕೇಳ್ರೀ. ಬಾಯಿದೆಯಲ್ಲ. ಊರಿಗೆಲ್ಲ ಬಾಯಿ ಕಟ್ಟಿಕೊಟ್ಟು ನಿಮಗೇ ಇಲ್ದಿದ್ರೆ ಹೇಗೆ?”

ಅವನು ಆಸ್ಪತ್ರೆಗೆ ಫೋನು ಮಾಡಿದ. ಅಲ್ಲಿಯ ಸ್ವಾಗತದ ಹುಡುಗಿ ಎತ್ತಿಕೊಂಡಳು. ಡಾಕ್ಟರ್ ಒಳಗೆ ರೋಗಿಯನ್ನು ನೋಡುತ್ತಿದ್ದಾರೆ, ಏನಿದ್ದರೂ ಸಂಜೆ ತಿಳಿಸುತ್ತೇವೆ ಎಂದಳು. ದಂತಣ್ಣ ತನ್ನ ನೆಟ್ಟಿನ ಕಷ್ಟವನ್ನು ಮೊದಲಿನಿಂದ ಹೇಳಲು ಶುರು ಮಾಡಿದ. ಅವಳ ಮುಂದೆ ಯಾರೋ ಹಲ್ಲುನೋವಿನವರು ನರಳುತ್ತಿರುವುದು ಕೇಳುತ್ತಿತ್ತು.

“ಸರಿ ಸರ್, ನಾಲ್ಕು ಗಂಟೆಗೆ ಇನ್ನೊಂದು ಸಲ ಹಾಕ್ತೀನಿ. ಆದ್ರೆ ಇದೇ ಕೊನೆ,” ಎಂದು ಆಕೆ ಫೋನಿಟ್ಟಳು.

ಇನ್ನು ನೆಟ್ಟಿನ ವಿಷಯ. ಆ ಕಟ್ಟಡದಲ್ಲಿ ಇದ್ದವರೆಲ್ಲ ಒಂದೇ ಕಂಪನಿಯ ಪ್ರಿಪೇಯ್ಡ್ ಗಿರಾಕಿಗಳು. ಕೆಳಗಿನ ಅಂಗಡಿಯ ರೀಚಾರ್ಜಣ್ಣ ಒಂದು ಬೇಸಿಗೆಯಲ್ಲಿ ಸಿಮ್ಮಿನ ಜೊತೆ ಒಂದೊಂದು ಕೆಂಪು ಬಕೆಟ್ಟನ್ನು ಪುಕ್ಕಟೆ ಕೊಟ್ಟಿದ್ದ. ಬಕೆಟ್ಟುಗಳು ಗಟ್ಟಿಮುಟ್ಟಾಗಿದ್ದವು. ಪೋಸ್ಟ್‌ಪೇಯ್ಡಿನವರಿಗೆ ಆ ಕಂಪನಿಯ ಅತಿವೇಗದ ಡೇಟಾ ಯಾವಾಗಲೋ ಬಂದಿತ್ತು. ಪ್ರಿಪೇಯ್ಡಿನವರಿಗೆ ಮಾತ್ರ ವಾರಕ್ಕೊಮ್ಮೆ, ನಿಮ್ಮ ಪ್ರದೇಶಕ್ಕೆ ಸದ್ಯದಲ್ಲೇ ಎಂಬ ಮೆಸೇಜು ಬರುತ್ತಿತ್ತು. ಬರುತ್ತೇನೆಂದು ಹೇಳಿ ಬಾರದ ನೆಂಟನಿಗೆ ಕಾದಂತೆ ಇಡೀ ಕಟ್ಟಡ ಕಾಯುತ್ತಿತ್ತು. ಮೆಟ್ಟಿಲಲ್ಲಿ ಎದುರಾದವರು “ಬಂತಾ?” ಎಂದು ಕೇಳುವರು. “ನಿಮಗೆ?” ಎಂದು ಇವರು ಕೇಳುವರು. ಇಬ್ಬರೂ ತಲೆಯಾಡಿಸಿ ಬಕೆಟ್ಟು ಹಿಡಿದು ಮುಂದೆ ಹೋಗುವರು.

ದಂತಣ್ಣ ಅಂಗಡಿಗೆ ಇಳಿದು ಹೋದಾಗ ರೀಚಾರ್ಜಣ್ಣ ಒಂದು ಒಡೆದ ಪರದೆಯನ್ನು ಅಂಟಿಸುತ್ತಿದ್ದ.

“ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಬಿಡು ಮಾರಾಯ. ಈಗಲೇ.”

“ಈಗ ಹಾಕಿದ್ರೆ ನಾಡಿದ್ದು ಸಂಜೆ ಆಗುತ್ತೆ ಅಣ್ಣಾ.”

“ಬೇರೆ ಕಂಪನಿ?”

“ನಮ್ಮ ಗಲ್ಲಿಯಲ್ಲಿ ಬೇರೆ ಕಂಪನಿಯದು ಒಂದು ಸಿಗ್ನಲ್ ಕಡ್ಡಿನೂ ಬರಲ್ಲ. ಸುಮ್ಮನೆ ಯಾಕೆ ನಿಮಗೆ ಸುಳ್ಳು ಹೇಳ್ಲಿ?” ಅವನು ಪರದೆಯ ಮೇಲೆ ಉಸಿರು ಬಿಟ್ಟು ಒರೆಸಿದ. ಅವನ ಗಂಭೀರ ಮುಖ ಕಂಡರೆ ಶಸ್ತ್ರಚಿಕಿತ್ಸೆ ನಡೆದಂತಿತ್ತು. “ನೋಡಿ, ಇದು ನಲ್ಲಿ ನೀರಿದ್ದ ಹಾಗೆ. ಕೆಳಗಿನ ಮನೆಯವರೆಲ್ಲ ನಲ್ಲಿ ಬಿಟ್ಕೊಂಡು ಕೂತ್ರೆ ಮೇಲಿನವರಿಗೆ ತೊಟ್ಟಿಕ್ಕುತ್ತೆ. ಎಲ್ಲರೂ ತಿರುಗಿಸಿಬಿಟ್ರೆ? ಧೋ ಅಂತ ಬರುತ್ತೆ.”

“ಅಂದ್ರೆ?”

“ನಾಲ್ಕು ಗಂಟೆಗೆ ಬಿಲ್ಡಿಂಗಿನವರೆಲ್ಲ ಫೋನಲ್ಲಿ ನೆಟ್ ಆಫ್ ಮಾಡ್ಲಿ. ಅಷ್ಟೆ. ನನ್ನದು ಆಫ್ ಮಾಡ್ತೀನಿ ಬಿಡಿ, ನೀವೇನೂ ಕೊಡ್ಬೇಡಿ. ಒಂದು ಟೀ ಕುಡ್ದು ಹೋಗಿ.”

ಟೀ ಕುಡಿದು ದಂತಣ್ಣ ಮನೆಮನೆಯ ಬಾಗಿಲು ತಟ್ಟಲು ಹೊರಟ.

ಮೊದಲ ಬಾಗಿಲು ನೆಲಮಹಡಿಯ ಅಜ್ಜಿಯದು. ಅಜ್ಜಿ ಧಾರಾವಾಹಿ ನೋಡುತ್ತಿದ್ದರು. ಪರದೆಯ ಮೇಲೆ ಒಬ್ಬ ಸೊಸೆ ಕೆನ್ನೆಗೆ ಹೊಡೆಯಲು ಎತ್ತಿದ ಕೈ ಎತ್ತಿದಂತೆಯೇ ನಿಂತಿತ್ತು.

“ನಿನ್ನೆಯಿಂದ ಹೊಡೀತಾನೇ ಇದಾಳೆ ಕಣಪ್ಪ,” ಎಂದರು ಅಜ್ಜಿ. “ಬಿದ್ದೇ ಇಲ್ಲ ಏಟು. ಆ ಅತ್ತೆ ಮುಖ ನೋಡು, ಕಾದು ಕಾದು ಸಾಕಾಗಿದೆ ಅದಕ್ಕೂ.”

ದಂತಣ್ಣ ವಿಷಯ ಹೇಳಿದ. ಅಜ್ಜಿ ಎಲ್ಲವನ್ನೂ ಕೇಳಿ ನಿಟ್ಟುಸಿರು ಬಿಟ್ಟರು. “ಆಫ್ ಮಾಡ್ತೀನಿ ಮಗಾ, ನಿನಗಲ್ದೆ ಇನ್ಯಾರಿಗೆ? ಬಂದದ್ದು ಬಂದೆ, ಈ ಬೀರೂನ ಸ್ವಲ್ಪ ಆ ಗೋಡೆಗೆ ಸರಿಸಿ ಹೋಗು. ಹಿಂದೆ ಇಲಿ ಸೇರ್ಕೊಂಡಿದೆ ಅಂತ ಅನುಮಾನ.”

ಬೀರು ಕಬ್ಬಿಣದ್ದು. ಅದರೊಳಗೆ ಅಜ್ಜಿಯ ಇಡೀ ಸಂಸಾರವಿತ್ತು. ದಂತಣ್ಣ ಬೆನ್ನು ಕೊಟ್ಟು, ಭುಜ ಕೊಟ್ಟು, ಕೊನೆಗೆ ಹಣೆ ಕೊಟ್ಟು ಅದನ್ನು ತಳ್ಳಿದ. ಹಿಂದೆ ಇಲಿ ಇರಲಿಲ್ಲ.

“ಹಾಗಾದ್ರೆ ಮೊದಲಿದ್ದ ಕಡೆಯೇ ಇಟ್ಟುಬಿಡು,” ಎಂದರು ಅಜ್ಜಿ. ಇಟ್ಟಾದ ಮೇಲೆ ಅವನ ಮುಂದೆ ಕಾಫಿ ತಂದಿಟ್ಟರು. ಅದು ರಸ್ತೆಗೆ ಹಾಕುವ ಡಾಂಬರಿನಷ್ಟು ಗಟ್ಟಿಯಾಗಿತ್ತು. “ಕುಡೀದೇ ಹೋದ್ರೆ ನಾನು ಆಫ್ ಮಾಡಲ್ಲ ನೋಡು.”

ಮೊದಲ ಮಹಡಿಯಲ್ಲಿ ಇದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕಟ್ಟಡದವರೆಲ್ಲ ಅವರನ್ನು ಹೆಡ್‌ಮಿಸ್ ಎನ್ನುತ್ತಿದ್ದರು. ಬಾಗಿಲು ತೆರೆದವರು ದಂತಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಗೋಡೆಗೆ ಒರಗಬೇಡ. ನೆಟ್ಟಗೆ ನಿಂತು ಹೇಳು.”

ಅವನು ನೆಟ್ಟಗೆ ನಿಂತು ಹೇಳಿದ.

“ನಾಲ್ಕು ಗಂಟೆಗೆ ನನ್ನ ಮೊಮ್ಮಗಳು ತಾನು ಬರೆದ ಚಿತ್ರ ತೋರಿಸ್ತಾಳೆ. ದಿನಾ. ಆ ಮಗುವಿಗೆ ನಿರಾಸೆ ಮಾಡು ಅಂತೀಯಾ?”

“ಇಲ್ಲ ಮಿಸ್... ಇವತ್ತೊಂದು ದಿನ...”

“ಇವತ್ತೊಂದು ದಿನ ಅಂದವರನ್ನ ನಾನು ಮೂವತ್ತು ವರ್ಷ ನೋಡಿದೀನಿ.” ಆದರೂ ಅವರ ಮುಖ ಸಡಿಲವಾಯಿತು. “ಆಗಲಿ, ಐದು ಗಂಟೆಗೆ ತೋರಿಸು ಅಂತ ಅವಳಿಗೆ ಹೇಳ್ತೀನಿ. ಕೆಲಸ ಅಂದ್ರೆ ಕೆಲಸ. ಈ ಪುಸ್ತಕದ ಪೆಟ್ಟಿಗೆ ಅಟ್ಟಕ್ಕೆ ಹತ್ತಬೇಕಿತ್ತು, ಯಾರೂ ಸಿಕ್ಕಿರಲಿಲ್ಲ.”

ಪೆಟ್ಟಿಗೆಗಳು ಹಲವಾರು ಇದ್ದವು. ದಂತಣ್ಣ ಒಂದೊಂದನ್ನೇ ತಲೆಯ ಮೇಲೆತ್ತಿ ಅಟ್ಟಕ್ಕೆ ದೂಡಿದ. ಕೆಳಗಿನಿಂದ ಹೆಡ್‌ಮಿಸ್, “ವ್ಯಾಕರಣ ಎಡಕ್ಕೆ, ಭೂಗೋಳ ಬಲಕ್ಕೆ. ಅಲ್ಲ, ಅದು ಭೂಗೋಳ ಅಲ್ಲ, ಇಳಿಸು,” ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಅವರೂ ಕಾಫಿ ಕೊಟ್ಟರು. “ಚೆನ್ನಾಗಿ ಮಾಡಿದೆ,” ಎಂದೂ ಹೇಳಿದರು. ಬೆಳಗಿನಿಂದ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಹೀಗೇ ಮೇಲೆ ಕೆಳಗೆ ಓಡಾಡಿದ. ಎದುರು ಮನೆಯವರು ಗ್ಯಾಸ್ ಸಿಲಿಂಡರ್ ಹೊರಿಸಿಕೊಂಡು ಒಪ್ಪಿದರು. ತಾರಸಿ ಕೋಣೆಯ ಹೊಸ ದಂಪತಿ ನೆಟ್ ಆಫ್ ಮಾಡಿದರೆ ತಾವಿಬ್ಬರೂ ಏನು ಮಾಡುವುದೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಾಚಿ, ಟೀ ಕೊಟ್ಟು ಒಪ್ಪಿದರು. ಪ್ರತಿಯೊಬ್ಬರೂ ಒಂದೊಂದು ಸಲಹೆಯನ್ನೂ ಕೊಟ್ಟರು. ನೀಲಿ ಅಂಗಿ ಹಾಕಿಕೋ ಎಂದರು, ಬೇಡ ಬಿಳಿ ಹಾಕಿಕೋ ಎಂದರು, ಫೋನನ್ನು ಕಿಟಕಿಯ ಹತ್ತಿರ ಇಡು ಎಂದರು, ಕಿಟಕಿಯ ಹತ್ತಿರ ಇಟ್ಟರೆ ಕೆಟ್ಟೆ ಎಂದರು. ಮನೆಗೆ ಬಂದಾಗ ಹೆಂಡತಿಯೂ ಒಂದು ಲೋಟ ಹಿಡಿದು ನಿಂತಿದ್ದಳು.

“ಬಿಸಿಯಾಗಿ ಒಂದು ಕಾಫಿ ಕುಡೀರಿ, ಧೈರ್ಯ ಬರುತ್ತೆ.”

ಅವನು ಅದನ್ನೂ ಕುಡಿದ. ಅವಳ ಕೈಯಿಂದ ಬಂದದ್ದಕ್ಕೆ ಬೇಡವೆನ್ನಲಾಗಲಿಲ್ಲ.

ಉಳಿದದ್ದು ಪಕ್ಕದ ಮನೆಯ ಬಸ್ ಕಂಡಕ್ಟರ್ ಒಬ್ಬನೇ. ರಾತ್ರಿ ಪಾಳಿಯವನಾದ್ದರಿಂದ ಹಗಲು ಮಲಗುತ್ತಿದ್ದ. ಬಾಗಿಲು ತಟ್ಟಿ ತಟ್ಟಿ ಎಬ್ಬಿಸಿದಾಗ ಗಡಿಯಾರ ಮೂರೂವರೆ ದಾಟಿತ್ತು. ಒಳಗೆ ಕತ್ತಲಲ್ಲಿ ಎಲ್ಲಿಂದಲೋ ಬಸ್ಸಿನ ಎಂಜಿನ್ನಿನ ಸದ್ದು ಬರುತ್ತಿತ್ತು.

“ನಿನ್ನ ಫೋನಲ್ಲಿ ನೆಟ್ ಆಫ್ ಮಾಡ್ಬೇಕಲ್ಲಪ್ಪ. ಸ್ವಲ್ಪ ಹೊತ್ತು.”

ಕಂಡಕ್ಟರ್ ಕಣ್ಣುಜ್ಜಿಕೊಂಡ. “ಆಗಲ್ಲ ಅಣ್ಣಾ. ಈ ಸದ್ದು ಅದರಿಂದಾನೇ ಬರ್ತಿರೋದು. ಎಂಜಿನ್ ಓಡ್ತಿಲ್ದಿದ್ರೆ ನನಗೆ ನಿದ್ದೆ ಹತ್ತಲ್ಲ.”

“ಅದನ್ನ ಡೌನ್‌ಲೋಡ್ ಮಾಡಿ ಇಟ್ಕೋಬಾರ್ದಾ?”

“ಹಾಕಿ ಮೂರು ದಿನ ಆಯ್ತು, ಇನ್ನೂ ಇಳೀತಾ ಇದೆ.”

“ಮತ್ತೆ ನೆಟ್ಟಲ್ಲಿ ಕೇಳಿದ್ರೂ ನಡುವೆ ನಿಲ್ಲಲ್ವಾ?”

“ನಿಲ್ಲುತ್ತೆ. ಸ್ಟಾಪ್ ಬಂತು ಅಂದ್ಕೋತೀನಿ,” ಎಂದ ಕಂಡಕ್ಟರ್. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. “ಅಣ್ಣಾ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ರಾತ್ರಿ ನನ್ನ ಕೈಲಿ ಜನರ ಜೀವ ಇರುತ್ತೆ. ಕಂಡಕ್ಟರ್ ನಿದ್ದೆ ಮಾಡಿದ್ರೆ ಡ್ರೈವರ್‌ಗೂ ನಿದ್ದೆ ಬರುತ್ತೆ.”

ದಂತಣ್ಣ ಬಾಗಿಲು ಬಿಟ್ಟು ಕದಲಲಿಲ್ಲ. ಆಮೇಲೆ ಕಂಡಕ್ಟರನೇ ದಾರಿ ಕಂಡುಕೊಂಡ.

“ಸದ್ದು ಇಲ್ದಿದ್ರೂ ಕುಲುಕಾಟ ಇದ್ರೆ ಸಾಕೇನೋ. ಮಂಚ ಹಿಡ್ಕೊಂಡು ಅಲ್ಲಾಡಿಸ್ತೀರಾ? ಒಂದು ಸಲ ನಿದ್ದೆ ಹತ್ತಿಬಿಟ್ರೆ ಆಮೇಲೆ ಸಂಜೆವರೆಗೂ ಏಳಲ್ಲ.”

ಕಟ್ಟಡದ ಕೊನೆಯ ಫೋನು ಅದು. ದಂತಣ್ಣ ಅದರ ನೆಟ್ ಆಫ್ ಮಾಡಿ, ಮಂಚದ ತಲೆಕಡೆಯ ಕಂಬಿ ಹಿಡಿದು ಅಲ್ಲಾಡಿಸತೊಡಗಿದ.

“ಇದು ಟಾರು ರಸ್ತೆ ಆಯ್ತಣ್ಣಾ,” ಎಂದ ಕಂಡಕ್ಟರ್ ಕಣ್ಣು ಮುಚ್ಚಿಕೊಂಡೇ. “ನಮ್ಮ ರೂಟಲ್ಲಿ ಗುಂಡಿ ಜಾಸ್ತಿ.”

ದಂತಣ್ಣ ಗುಂಡಿಗಳನ್ನು ಸೇರಿಸಿದ. ತಿರುವುಗಳನ್ನು ಸೇರಿಸಿದ. ಬೆವರು ಅವನ ಮೂಗಿನ ತುದಿಯಿಂದ ಕಂಡಕ್ಟರನ ದಿಂಬಿಗೆ ತೊಟ್ಟಿಕ್ಕಿತು. ಕಿಟಕಿಯಿಂದ ಮಳೆ ಒಳಗೆ ಬರುತ್ತಿದೆ ಎಂದುಕೊಂಡನೋ ಏನೋ, ಕಂಡಕ್ಟರ್ ನಗುಮುಖದಿಂದ ಗೊರಕೆ ಹೊಡೆಯತೊಡಗಿದ.

ದಂತಣ್ಣ ತುದಿಗಾಲಲ್ಲಿ ಹೊರಗೆ ಬಂದಾಗ ನಾಲ್ಕಕ್ಕೆ ಕೆಲವೇ ನಿಮಿಷ ಬಾಕಿ ಇತ್ತು.

ಮೆಟ್ಟಿಲ ಮೇಲೆ ಇಡೀ ಕಟ್ಟಡವೇ ಕೂತಿತ್ತು. ನೆಟ್ ಆಫ್ ಮಾಡಿದ ಮೇಲೆ ಯಾರಿಗೂ ಒಳಗೆ ಮಾಡಲು ಏನೂ ಉಳಿದಿರಲಿಲ್ಲ. ಅಜ್ಜಿ ಕೆಳಗಿನ ಮೆಟ್ಟಿಲಲ್ಲಿ, ರೀಚಾರ್ಜಣ್ಣ ಕಂಬಿಗೆ ಒರಗಿ, ತಾರಸಿಯ ದಂಪತಿ ಎಲ್ಲರಿಗಿಂತ ಮೇಲೆ. ಹೆಡ್‌ಮಿಸ್ ನಡುವೆ ನಿಂತು ಕಾವಲು ಕಾಯುತ್ತಿದ್ದರು.

“ಯಾರದು ಅಲ್ಲಿ ಫೋನ್ ತೆಗೀತಿರೋದು? ಒಳಗಿಡು.”

“ಟೈಮ್ ನೋಡಿದ್ದು ಮಿಸ್.”

“ಗೋಡೆಯ ಮೇಲಿದೆ ಗಡಿಯಾರ. ಅದನ್ನ ನೋಡು.”

ದಂತಣ್ಣ ಮೇಜಿನ ಮುಂದೆ ಕೂತ. ಹೆಂಡತಿ ಅವನ ಮುಖ ಒರೆಸಿ, ಮಾಸ್ಕ್ ಕಟ್ಟಿ, ಫೋನನ್ನು ಅಚ್ಚುಗಳ ನಡುವೆ ನಿಲ್ಲಿಸಿ, ಅದರ ಹಿಂದೆ ಹೋಗಿ ನಿಂತಳು. ಕರೆ ಬಂತು.

ಅಂಥ ವೇಗವನ್ನು ದಂತಣ್ಣ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಡಾಕ್ಟರಮ್ಮ ಎದುರಿಗೇ ಕೂತಂತೆ ಕಂಡರು. ಅವರ ಜೇಬಿನ ಪೆನ್ನು ಕಾಣುತ್ತಿತ್ತು, ಪೆನ್ನಿನ ಮುಚ್ಚಳದ ಹಲ್ಲುಗುರುತೂ ಕಾಣುತ್ತಿತ್ತು. ಅವರ ಪಕ್ಕದಲ್ಲಿ ಬಿಳಿ ಹುಬ್ಬಿನ ಹಿರಿಯ ಡಾಕ್ಟರೊಬ್ಬರು ಕೂತಿದ್ದರು.

“ನಮಸ್ಕಾರ. ಈಗ ತುಂಬಾ ಸ್ಪಷ್ಟವಾಗಿ ಕಾಣ್ತಿದೀರಿ,” ಎಂದರು ಡಾಕ್ಟರಮ್ಮ. ಮಾತು ಮತ್ತು ಬಾಯಿ ಒಟ್ಟೊಟ್ಟಿಗೇ ಬಂದವು. “ಇವರು ನಮ್ಮ ಹಿರಿಯರು. ಶುರು ಮಾಡಿ.”

ದಂತಣ್ಣ ಸ್ಪಿರಿಟ್ ದೀಪ ಹಚ್ಚಿದ. ಮೇಣ ಮೆತ್ತಗಾಯಿತು. ಚಿಮಟದಲ್ಲಿ ಮುಂದಿನ ಹಲ್ಲನ್ನು ಎತ್ತಿಕೊಂಡ. ಆಗ ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಯಾರದೋ ಕೈ ನಡುಗುವುದು ಅವನಿಗೆ ಕಂಡಿತು. ಹಳೆಯ ಬಸ್ಸಿನ ಕಿಟಕಿಯ ಗಾಜಿನ ಹಾಗೆ ಅದು ತಡೆಯಿಲ್ಲದೆ ಗಡಗಡಿಸುತ್ತಿತ್ತು. ಪಾಪ ಯಾರೋ ಎಂದುಕೊಂಡ. ಆಮೇಲೆ ಚಿಮಟದ ಗುರುತು ಹತ್ತಿತು.

ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ. ಎಡಗೈ ಬಲಗೈಯ ಜೊತೆ ಸೇರಿಕೊಂಡು ನಡುಗಿತು. ಮೊಣಕೈಯನ್ನು ಮೇಜಿಗೆ ಊರಿದ. ಮೇಜು ನಡುಗಿ, ಅಚ್ಚುಗಳೆಲ್ಲ ಚಳಿ ಹಿಡಿದವರಂತೆ ಕಟಕಟ ಹಲ್ಲು ಕಡಿದವು. ಅವನು ಉಸಿರು ಬಿಗಿಹಿಡಿದು ಹಲ್ಲನ್ನು ಸಾಲಿಗೆ ಒತ್ತಿದ. ಅದು ಅಡ್ಡಡ್ಡ ಕೂತಿತು.

“ಇದೇನ್ರೀ ಇದು?” ಎಂದರು ಹಿರಿಯ ಡಾಕ್ಟರು.

ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಅದೂ ಬಹಳ ಸ್ಪಷ್ಟವಾಗಿ ಕಂಡಿತು. “ನನಗೆ ಅರ್ಥವೇ ಆಗ್ತಿಲ್ಲ ಸರ್. ಬೆಳಿಗ್ಗೆ ಇವರ ಕೈ ನೀವು ನೋಡಬೇಕಿತ್ತು. ಆ ಹಲ್ಲನ್ನ ಚಿಮಟದಲ್ಲಿ ಎತ್ತಿ ಹಿಡಿದು ಅಷ್ಟು ಹೊತ್ತು ವಿವರಿಸಿದ್ರು, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಕಣ್ಣು ಕೂಡ ಮಿಟುಕಿಸಲಿಲ್ಲ. ಇವರನ್ನೇ ತಗೊಳ್ಳೋದು ಅಂತ ನಾನು ಆಗಲೇ ಬರೆದಿಟ್ಟಿದ್ದೆ. ಸಂಜೆ ಹೇಳೋಣ ಅಂತಿದ್ದೆ. ಇವರೇ ಇನ್ನೊಂದು ಸಲ ತೋರಿಸ್ತೀನಿ ಅಂದ್ರಂತೆ, ಸರಿ, ನೀವೂ ನೋಡಿ ಅಂತ ಕರೆದೆ.”

ದಂತಣ್ಣನಿಗೆ ಈಗ ಹೊಳೆಯಿತು. ಬೆಳಿಗ್ಗೆ ಈ ಕಡೆ ಡಾಕ್ಟರಮ್ಮನ ಮುಖ ನಿಂತಿದ್ದ ಹೊತ್ತಿನಲ್ಲೇ ಆ ಕಡೆ ತನ್ನ ಕೈಯೂ ನಿಂತಿತ್ತು. ಮಾತು ಮಾತ್ರ ಹೋಗುತ್ತಿತ್ತು. ಮಾಸ್ಕಿನ ಹಿಂದಿನ ತುಟಿ ಅಲ್ಲಾಡದೆ ಇದ್ದದ್ದು ಯಾರಿಗೆ ಕಾಣಬೇಕು?

“ಏನಾಯ್ತು ನಿಮ್ಮ ಕೈಗೆ? ಕುಡಿದಿದ್ದೀರಾ?” ಹಿರಿಯ ಡಾಕ್ಟರು ಪರದೆಯ ಹತ್ತಿರಕ್ಕೆ ಬಂದರು.

“ಹೂಂ ಸಾರ್... ಅಂದ್ರೆ ಕಾಫಿ ಸಾರ್. ಎಲ್ಲರೂ ಕೊಟ್ರು. ಅಲ್ಲದೆ ಈಗ ತಾನೇ ಮಂಚ ಅಲ್ಲಾಡಿಸಿ ಬಂದೆ.”

ಫೋನಿನ ಹಿಂದೆ ಹೆಂಡತಿ ಹಣೆ ಚಚ್ಚಿಕೊಂಡಳು.

“ಮಂಚ?”

“ಕಂಡಕ್ಟರ್‌ದು ಸಾರ್. ಅವನಿಗೆ ನಿದ್ದೆ ಬರಲಿ ಅಂತ.”

ಡಾಕ್ಟರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟ ಎಲ್ಲೂ ತಡೆಯದೆ, ಒಂದು ಚೂರೂ ಮಸುಕಾಗದೆ, ದಂತಣ್ಣನ ಕೋಣೆಯನ್ನು ತಲುಪಿತು.

“ನಾಳೆ ಬೆಳಿಗ್ಗೆ ಒಂದು ಸಲ ನೋಡಿ ಸಾರ್. ನಾಳೆ ಸರಿಹೋಗಿರುತ್ತೆ.”

“ಬಾಯೊಳಗೆ ಹೋಗೋ ಹಲ್ಲು ಕಣಪ್ಪ,” ಎಂದರು ಹಿರಿಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ದಿನ ನೋಡ್ಕೊಂಡು ಕೈ ಕೆಲಸ ಮಾಡಿದ್ರೆ ಆಗಲ್ಲ.”

ಡಾಕ್ಟರಮ್ಮ ಕನಿಕರದಿಂದ ಹೇಳಿದರು. “ಕ್ಷಮಿಸಿ. ಮಧ್ಯಾಹ್ನ ಇನ್ನೊಬ್ಬರು ತೋರಿಸಿದ್ರು. ಪಾಪ, ಅವರೂ ಪ್ರಿಪೇಯ್ಡ್ ಅಂತೆ, ನೆಟ್ ತುಂಬಾ ನಿಧಾನ ಅಂತ ಪೇಚಾಡ್ತಿದ್ರು. ಆದ್ರೆ ಕೈ ಮಾತ್ರ... ಕಲ್ಲು. ಅವರನ್ನೇ ತಗೋತೀವಿ.”

“ಮೇಡಂ, ಅದು ಕೈ ಅಲ್ಲ, ಅದು...” ಎಂದು ದಂತಣ್ಣ ಶುರು ಮಾಡುವಷ್ಟರಲ್ಲಿ ಅವರು ನಮಸ್ಕಾರ ಹೇಳಿ ಗುಂಡಿ ಒತ್ತಿದರು. ಚಕ್ರ ತಿರುಗಲಿಲ್ಲ, ಚಿತ್ರ ನಿಲ್ಲಲಿಲ್ಲ. ಕರೆ ಒಂದೇ ಏಟಿಗೆ ಮುಗಿಯಿತು.

ಬಾಗಿಲು ಮೆಲ್ಲಗೆ ತೆರೆದು ಅಜ್ಜಿಯ ತಲೆ ಒಳಗೆ ಬಂತು. ಅದರ ಮೇಲೆ ರೀಚಾರ್ಜಣ್ಣನ ತಲೆ, ಅದರ ಮೇಲೆ ಹೆಡ್‌ಮಿಸ್ ತಲೆ.

“ಕಾಣಿಸ್ತಾ ಮಗಾ ಚೆನ್ನಾಗಿ?”

ದಂತಣ್ಣ ಮಾಸ್ಕ್ ಬಿಚ್ಚಿ ಮೇಜಿನ ಮೇಲಿಟ್ಟ. “ಕಾಣಿಸ್ತು ಅಜ್ಜಿ. ಎಲ್ಲಾ ಕಾಣಿಸ್ತು.”

“ನಾನು ಹೇಳಲಿಲ್ವಾ?” ಎಂದ ರೀಚಾರ್ಜಣ್ಣ ಹೆಮ್ಮೆಯಿಂದ.

“ಒಗ್ಗಟ್ಟು ಅಂದ್ರೆ ಇದು,” ಎಂದರು ಹೆಡ್‌ಮಿಸ್ ಮೆಟ್ಟಿಲಿನವರ ಕಡೆ ತಿರುಗಿ. “ಎಲ್ಲರೂ ಈಗ ಆನ್ ಮಾಡಬಹುದು.”

ಮೆಟ್ಟಿಲುದ್ದಕ್ಕೂ ಫೋನುಗಳು ಟಿಣ್ ಟಿಣ್ ಎಂದವು. ಮತ್ತೆ ಯಾವಾಗ ಬೇಕಾದರೂ ಹೇಳು, ಆಫ್ ಮಾಡುತ್ತೇವೆ ಎಂದು ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ತಟ್ಟಿ ಹೋದರು. ಕೆಳಗಿನಿಂದ ಅಜ್ಜಿಯ ಧಾರಾವಾಹಿಯ ಸಂಗೀತ ಒಂದು ಸಲ ಕೇಳಿ ನಿಂತಿತು.

ಎಲ್ಲರೂ ಹೋದ ಮೇಲೆ ಹೆಂಡತಿ ಬಾಗಿಲು ಹಾಕಿ ಬಂದಳು. ಅಡ್ಡ ಕೂತ ಹಲ್ಲನ್ನು ಮೇಣದಿಂದ ಬಿಡಿಸಿ ಡಬ್ಬಿಗೆ ಹಾಕಿದಳು, ದೀಪ ಆರಿಸಿದಳು. ಬೈಯುತ್ತಾಳೆ ಎಂದುಕೊಂಡು ದಂತಣ್ಣ ತಲೆ ತಗ್ಗಿಸಿದ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು, ಅವನ ಬಲಗೈಯನ್ನು ತನ್ನ ಎರಡೂ ಕೈಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಮೂರೂ ಕೈ ನಡುಗತೊಡಗಿದವು.